ನಾಲ್ಕನೇ ಜೋಡಿಯ ಸಾಲು

ಡಿಸೆಂಬರ್ 2, ಸೋಮವಾರ

ನನ್ನ ಅಕ್ಷರ ಚೆನ್ನಾಗಿಲ್ಲ. ಕಾಗುಣಿತವೂ ಅಷ್ಟಕ್ಕಷ್ಟೆ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇದನ್ನು ನನ್ನ ಹೊರತು ಯಾರೂ ಓದುವುದಿಲ್ಲ. ಆದರೂ ಬಿಳಿ ಹಾಳೆಯ ಮುಂದೆ ಕೂತರೆ ಯಾರದೋ ಒರೆಸಿಟ್ಟ ಮನೆಯೊಳಗೆ ಕೆಸರುಗಾಲು ಇಟ್ಟ ಹಾಗಾಗುತ್ತದೆ. ಅದಕ್ಕೇ ಬಾಗಿಲಲ್ಲೇ ನಿಂತು ಕ್ಷಮೆ ಕೇಳಿಬಿಡುತ್ತೇನೆ.

ಈ ಪುಸ್ತಕ ಲೆಕ್ಕದಣ್ಣ ಕೊಟ್ಟಿದ್ದು. ನಮ್ಮ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹಾಜರಿ, ಸಂಬಳ ಎಲ್ಲ ಬರೆಯುವವರು ಅವರು. ಕಣ್ಣಿಗೆ ಪೊರೆ ಬಂದು ಹೋದ ವಾರ ಆಪರೇಷನ್ನಿಗೆ ಹೋದರು. ಹೋಗುವ ಮುಂಚೆ ಯಜಮಾನರಿಗೆ, "ಆ ಇಲಿಮರಿ ಕೈಲಿ ಬರೆಸಿ ಸಾರ್, ಶೀಟಿನ ಚೀಟಿ ಒಂದು ದಿನ ತಪ್ಪು ಬರೆದಿಲ್ಲ ಅವಳು" ಎಂದರಂತೆ. ಇಲಿಮರಿ ಎಂದರೆ ನಾನೇ. ನನ್ನ ದನಿ ಯಾರಿಗೂ ಕೇಳಿಸುವುದಿಲ್ಲ, ಗೋಡೆಯ ಪಕ್ಕಕ್ಕೇ ನಡೆಯುತ್ತೇನೆ, ಅದಕ್ಕೆ ಆ ಹೆಸರು.

ಇವತ್ತು ಯಜಮಾನರು ಆಫೀಸಿಗೆ ಕರೆದರು. ಎರಡು ದಪ್ಪ ಪುಸ್ತಕ ನನ್ನ ಮುಂದೆ ತಳ್ಳಿದರು.

"ವರ್ಷದ ಕೊನೆ ಬೋನಸ್ಸು. ನನ್ನ ಇಷ್ಟ ಅಲ್ಲ, ಕಾನೂನು. ಇಪ್ಪತ್ತನೇ ತಾರೀಖಿನೊಳಗೆ ಎಲ್ಲರ ಕೈಗೂ ಕೊಡ್ಲೇಬೇಕು. ಒಟ್ಟು ಎಷ್ಟಾಗುತ್ತೆ ಅಂತ ಒಂದು ಅಂದಾಜು ಮಾಡಿಕೊಡು. ದೊಡ್ಡ ಹೋಟೆಲಿನವರು ಎರಡು ತಿಂಗಳಿಂದ ದುಡ್ಡು ಕೊಟ್ಟಿಲ್ಲ. ಬ್ಯಾಂಕಿನವರ ಕಾಲು ಹಿಡಿಯೋದು ಹೇಗಿದ್ರೂ ಇದ್ದೇ ಇದೆ, ಎಷ್ಟಕ್ಕೆ ಹಿಡೀಬೇಕು ಅಂತಾದ್ರೂ ಗೊತ್ತಾಗ್ಲಿ."

ನನಗೆ ಬರುವುದಿಲ್ಲ ಎನ್ನಬೇಕೆಂದುಕೊಂಡೆ. ಬಾಯಿಂದ ಬಂದದ್ದು "ಹೂಂ".

ಡಿಸೆಂಬರ್ 3, ಮಂಗಳವಾರ

ಶೀಟು ಮಡಿಸುವುದು ಒಬ್ಬರ ಕೆಲಸವಲ್ಲ. ಇಬ್ಬರು ಎದುರುಬದುರು ನಿಂತು ನಾಲ್ಕು ಮೂಲೆ ಹಿಡಿಯಬೇಕು. ಒಮ್ಮೆ ಜಾಡಿಸಿ, ಉದ್ದಕ್ಕೆ ಮಡಿಸಿ, ಒಬ್ಬರ ಕಡೆಗೆ ಒಬ್ಬರು ನಡೆದು ಬರಬೇಕು. ಕೈಗೆ ಕೈ ತಾಗಿದಾಗ ಒಬ್ಬರು ಬಿಡಬೇಕು, ಇನ್ನೊಬ್ಬರು ಹಿಡಿಯಬೇಕು. ದಿನಕ್ಕೆ ಆರುನೂರು ಸಲ. ಮಡಿಸುವ ಕೋಣೆಯಲ್ಲಿ ಇಂಥ ಐದು ಜೋಡಿಗಳಿವೆ. ನಾಲ್ಕನೇ ಜೋಡಿ ಅಮ್ಮ ಮತ್ತು ನಾನು. ಮೂರು ವರ್ಷ.

ಆಗಸ್ಟ್ ಮೂವತ್ತೊಂದು ಶನಿವಾರ. ಕೆಲಸ ಮುಗಿಸಿ ಮನೆಗೆ ಬಂದ ಅಮ್ಮ ಎದೆ ಹಿಡಿದುಕೊಂಡು ಹೊಸ್ತಿಲ ಮೇಲೇ ಕೂತಳು. ಆಸ್ಪತ್ರೆಯಲ್ಲಿ ಅವಳಿಗೆ ಹೊದಿಸಿದ ಶೀಟಿನ ಮೂಲೆಯಲ್ಲಿ ನಮ್ಮ ಕಾರ್ಖಾನೆಯ ನೀಲಿ ದಾರದ ಗುರುತಿತ್ತು. ಅಮ್ಮ ಅದನ್ನು ಹೆಬ್ಬೆರಳಲ್ಲಿ ಸವರಿ, "ನಮ್ಮದೇ ಮಡಿಕೆ ಕಣೇ, ಅಂಚು ನೋಡು ಎಷ್ಟು ನೆಟ್ಟಗಿದೆ" ಎಂದಳು. ಸೆಪ್ಟೆಂಬರ್ ಒಂಬತ್ತಕ್ಕೆ ತೀರಿಕೊಂಡಳು.

ಅವಳು ಇನ್ನೂ ಉಸಿರಾಡುತ್ತಿರುವಾಗಲೇ, ಸೆಪ್ಟೆಂಬರ್ ಎರಡರ ಸೋಮವಾರ, ಅವಳ ಜಾಗಕ್ಕೆ ಬೇರೆಯವಳು ಬಂದು ನಿಂತಳು. ಎಲ್ಲರೂ ಅವಳನ್ನು ಉದ್ದಕ್ಕ ಎನ್ನುತ್ತಾರೆ, ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ನಾನು ಮಾತ್ರ ಹೊಸಬಳು ಎಂದೇ ಬರೆಯುತ್ತೇನೆ. ಅವಳು ಹಿಡಿದ ತುದಿ ಮೇಲೆ, ನಾನು ಹಿಡಿದ ತುದಿ ಕೆಳಗೆ. ಶೀಟು ಜಾರುಬಂಡೆಯ ಹಾಗಿರುತ್ತದೆ.

"ನೀನು ಸ್ಟೂಲ್ ಹತ್ತು, ಇಲ್ಲಾ ನಾನು ಮಂಡಿ ಊರ್ತೀನಿ. ಯಾರೋ ಒಬ್ಬರು ದೇವರಿಗೆ ಹೇಳ್ಬೇಕಿತ್ತು ಮೊದಲೇ" ಎಂದು ಇವತ್ತೂ ಹೇಳಿದಳು. ನಾನು ನಗಲಿಲ್ಲ. ಮೂರು ತಿಂಗಳಿಂದ ಅವಳ ಜೊತೆ ಹೂಂ, ಉಹುಂ ಬಿಟ್ಟರೆ ಬೇರೆ ಮಾತಾಡಿಲ್ಲ.

ಡಿಸೆಂಬರ್ 4, ಬುಧವಾರ

ಮಧ್ಯಾಹ್ನದಿಂದ ಆಫೀಸಿನಲ್ಲಿ ಕೂತೆ. ಕಾರ್ಮಿಕ ಇಲಾಖೆಯವರ ಕಾಗದ ಗೋಡೆಗೆ ಅಂಟಿಸಿದೆ. ಓದಲು ಹೆದರಿದ್ದೆ. ಆದರೆ ಮೊದಲ ಸಾಲು ಇಷ್ಟೇ: ಇಡೀ ವರ್ಷ ಗಳಿಸಿದ ಮೂಲ ಸಂಬಳವನ್ನು ಕೂಡಿಸಿ ಹನ್ನೆರಡರಿಂದ ಭಾಗಿಸಬೇಕು. ಹೆಚ್ಚಿನ ಗಂಟೆಗಳ ದುಡ್ಡು, ಊಟದ ದುಡ್ಡು ಸೇರುವುದಿಲ್ಲ. ಇದು ನಾಲ್ಕನೇ ಕ್ಲಾಸಿನ ಲೆಕ್ಕ. ನಾನು ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಕಾನೂನಿನವರೆಗೆ ಬಂದು ನಿಲ್ಲಿಸಿದ್ದೆ ಎಂದು ನಗು ಬಂತು.

ಒಗೆಯುವವರಿಗೆ, ಇಸ್ತ್ರಿಯವರಿಗೆ, ಗಾಡಿಯವರಿಗೆ ಹಾಜರಿ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಮಡಿಸುವವರಿಗೆ ಹಾಗಲ್ಲ, ಜೋಡಿಗೊಂದು ಸಾಲು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಕೆಲಸವಿಲ್ಲವಲ್ಲ, ಅದಕ್ಕೇ. ಇಬ್ಬರೂ ಬಂದರೆ ಪೂರ್ತಿ ಗುರುತು, ಒಬ್ಬರೇ ಬಂದರೆ ಅರ್ಧ. ಸಂಬಳವೂ ಜೋಡಿಯ ಲೆಕ್ಕದಲ್ಲೇ: ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ, ತಲೆಗೆ ಹನ್ನೆರಡು.

ನಾಲ್ಕನೇ ಸಾಲಿನ ಸೆಪ್ಟೆಂಬರಿನಲ್ಲಿ ಐದು ಅರ್ಧ ಗುರುತುಗಳಿವೆ. ಅಮ್ಮ ಹೋದಾಗ ನಾನು ಬಾರದ ದಿನಗಳು. ಯಜಮಾನರು ಆ ಐದು ದಿನದ ಸಂಬಳ ಹಿಡಿಯಲಿಲ್ಲ. ಹೊಸಬಳು ಆ ಐದು ದಿನ ಒಬ್ಬಳೇ ಕೂತು ದಿಂಬಿನ ಚೀಲ ಮಡಿಸಿದಳಂತೆ.

ಡಿಸೆಂಬರ್ 6, ಶುಕ್ರವಾರ

ಮುಗಿಯಿತು. ಇಪ್ಪತ್ತಮೂರು ಜನ. ಎರಡು ಲಕ್ಷದ ಎಂಬತ್ತೇಳು ಸಾವಿರದ ಐನೂರು. ಮೂರು ಸಲ ಕೂಡಿದೆ, ಮೂರು ಸಲವೂ ಅದೇ ಬಂತು.

ಅಂದಾಜು ಎಂದರೆ ವಿಚಿತ್ರ. ಡಿಸೆಂಬರ್ ಇನ್ನೂ ಆರೇ ದಿನ ಆಗಿದೆ. ಆದರೂ ಎಲ್ಲರೂ ಕೊನೆಯ ದಿನದವರೆಗೂ ಬರುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ ಎಂದು ಬರೆದುಬಿಡಬೇಕು. ಹೋದ ಡಿಸೆಂಬರಿನಲ್ಲಿ ಲೆಕ್ಕದಣ್ಣ ಅಮ್ಮನಿಗೂ ಹಾಗೆಯೇ ಬರೆದಿದ್ದರು. ಆಗ ಅದು ಸರಿಹೋಯಿತು.

ಹೊಸಬಳು ಶೀಟಿನ ಆ ತುದಿಯಿಂದ, "ನಂಗೆಷ್ಟು ಬರುತ್ತೆ ಇಲಿಮರಿ? ಹೇಳ್ಬಾರ್ದು ಅಂದ್ರೆ ಬೇಡ, ಮುಖ ನೋಡಿ ಊಹೆ ಮಾಡ್ಕೋತೀನಿ" ಎಂದಳು. ಹತ್ತಿರ ನಡೆದು ಬಂದಾಗ, ಕೈಗೆ ಕೈ ತಾಗುವಾಗ, "ಹನ್ನೆರಡು ಸಾವಿರ" ಎಂದೆ. ನಾಲ್ಕನೇ ಸಾಲಿನ ಇಪ್ಪತ್ತನಾಲ್ಕು ಸಾವಿರದಲ್ಲಿ ಅರ್ಧ.

ಅವಳು ಶೀಟು ಹಿಡಿದುಕೊಂಡೇ ನಿಂತುಬಿಟ್ಟಳು. "ಇನ್ನೊಂದ್ ಸಲ ಹೇಳು." ಹೇಳಿದೆ. ಆ ಶೀಟನ್ನು ಅವಳು ತಪ್ಪಾಗಿ ಮಡಿಸಿದಳು. ಮೊದಲ ಸಲ.

ಡಿಸೆಂಬರ್ 9, ಸೋಮವಾರ

ಊಟದ ಹೊತ್ತಿಗೆ ಹೊಸಬಳು ನನ್ನ ಪಕ್ಕ ಬಂದು ಕೂತಳು, ಕರೆಯದೇ.

ಅವಳಿಗೆ ಆರು ವರ್ಷದ ಮಗಳಿದ್ದಾಳಂತೆ. ಗಂಡ ಬಿಟ್ಟುಹೋದ ಮೇಲೆ ಮಗುವನ್ನು ಅತ್ತೆಯ ಮನೆಯಲ್ಲೇ ಬಿಟ್ಟಿದ್ದಾಳೆ. ಇವಳು ಮಲಗುವುದು ಒಂದು ಹಾಸ್ಟೆಲಿನಲ್ಲಿ, ಎಂಟು ಹೆಂಗಸರ ಕೋಣೆ, ಮಕ್ಕಳನ್ನು ಸೇರಿಸುವುದಿಲ್ಲ. ಈಗ ಒಬ್ಬ ಟೈಲರಜ್ಜಿ ತನ್ನ ಮಹಡಿಯ ಮೇಲಿನ ಒಂದು ಕೋಣೆ ಬಾಡಿಗೆಗೆ ಕೊಡುತ್ತಾಳಂತೆ, ಮುಂಗಡ ಹತ್ತು ಸಾವಿರ.

"ವರ್ಷದಿಂದ ಹುಡುಕ್ತಿದ್ದೆ. ಇಲ್ಲಿಗೆ ಬರೋ ಮುಂಚೆ, ಜನವರಿಯಿಂದ ಆಗಸ್ಟ್ ಕೊನೇವರೆಗೂ ಬಿಸ್ಕತ್ತು ಪ್ಯಾಕ್ ಮಾಡೋ ಕಡೆ ಇದ್ದೆ. ಅಲ್ಲಿ ಒಡೆದ ಬಿಸ್ಕತ್ತು ಬಿಟ್ರೆ ಏನೂ ಉಳೀತಿರಲಿಲ್ಲ. ಈಗ ನೋಡು, ಮುಂಗಡ ಕೊಟ್ಟು ಮೇಲೆ ಎರಡು ಸಾವಿರ ಮಿಗುತ್ತೆ. ಅವಳಿಗೊಂದು ಹಾಸಿಗೆ ತಗೋತೀನಿ. ನಿನ್ನೆ ಫೋನಲ್ಲಿ ಹೇಳಿದೆ, ಈ ತಿಂಗಳು ಮುಗಿಯೋದ್ರೊಳಗೆ ಕರ್ಕೊಂಡ್ ಬರ್ತೀನಿ ಅಂತ. ಏನಂದ್ಲು ಗೊತ್ತಾ? 'ನಿಜ ಹೇಳ್ತಿದ್ದೀಯಾ, ದೊಡ್ಡೋರ್ ಥರ ಹೇಳ್ತಿದ್ದೀಯಾ?' ಅಂದ್ಲು."

ನಾನು ನಕ್ಕೆ. ಅವಳೂ ನಕ್ಕಳು. "ಅಯ್ಯೋ, ಹಲ್ಲಿದೆ ಇವಳಿಗೆ!" ಎಂದು ಇಡೀ ಕೋಣೆಗೆ ಕೇಳುವ ಹಾಗೆ ಕೂಗಿದಳು.

ಅಮ್ಮನೂ ಹೀಗೆಯೇ ಪ್ರತಿ ವರ್ಷ ಬೋನಸ್ಸಿಗೆ ಒಂದು ಹೆಸರು ಇಡುತ್ತಿದ್ದಳು. ಒಂದು ವರ್ಷ ಗಡಿಯಾರ, ಒಂದು ವರ್ಷ ಅಪ್ಪನ ಕನ್ನಡಕ. ಈ ವರ್ಷದ್ದು ಕಿಟಕಿ ಗಾಜು. ಅಡುಗೆಮನೆಯ ಕಿಟಕಿ ಒಡೆದು ಎರಡು ವರ್ಷವಾಯಿತು, ರಟ್ಟು ಅಂಟಿಸಿದೆ. ನನ್ನ ಬೋನಸ್ಸು ಆಸ್ಪತ್ರೆಯ ಸಾಲಕ್ಕೇ ಸರಿಹೋಗುತ್ತದೆ, ಈ ಸಲ ಅದು ಹಾಗೇ ಇರುತ್ತದೆ ಎಂದುಕೊಂಡೆ.

ಡಿಸೆಂಬರ್ 10, ಮಂಗಳವಾರ

ಗೇಟಿನ ಹತ್ತಿರ ಇಸ್ತ್ರಿ ಮಾವ ನಿಂತಿದ್ದರು. ಮಂಡಿ ನೋವೆಂದು ಮೇ ಕೊನೆಗೆ ಕೆಲಸ ಬಿಟ್ಟವರು.

"ಲೆಕ್ಕ ನಿನ್ನ ಕೈಲಿದೆಯಂತೆ. ನಂಗೂ ಏನಾದ್ರೂ ಇದೆಯಾ? ಇಲ್ಲ ಅಂದ್ರೆ ಇಲ್ಲ ಅನ್ನು, ನಿನ್ನ ದನಿ ಕೇಳಿದ ಪುಣ್ಯನಾದ್ರೂ ಬರ್ಲಿ."

ಅವರನ್ನು ನಾನು ಬರೆದೇ ಇರಲಿಲ್ಲ. ಹೋದವರು ಹೋದರು ಎಂದುಕೊಂಡಿದ್ದೆ. ಓಡಿಹೋಗಿ ಗೋಡೆಯ ಕಾಗದವನ್ನು ಕೊನೆಯವರೆಗೆ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿದೆ: ಒಂದು ತಿಂಗಳಾದರೂ ದುಡಿದವರು, ನಡುವೆ ಬಿಟ್ಟವರು, ತೀರಿಕೊಂಡವರು, ಇವರೆಲ್ಲರಿಗೂ ದುಡಿದಷ್ಟು ತಿಂಗಳಿನದು ಸಲ್ಲಬೇಕು. ತೀರಿಕೊಂಡವರದು ಮನೆಯವರಿಗೆ.

ಮಾವನದು ಐದು ತಿಂಗಳು. ಐದು ಸಾವಿರದ ಐನೂರು. ಬರೆದೆ.

ಆಮೇಲೆ ತೀರಿಕೊಂಡವರು ಎಂಬ ಮಾತಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತೆ.

ನಾಲ್ಕನೇ ಸಾಲು ಜನವರಿಯಿಂದ ಡಿಸೆಂಬರಿನವರೆಗೆ ಎಲ್ಲೂ ಮುರಿಯದೆ ಹೋಗಿದೆ. ನಾನು ಅದನ್ನು ಎರಡು ಪಾಲು ಮಾಡಿ ಒಂದನ್ನು ನನಗೂ ಒಂದನ್ನು ಅವಳಿಗೂ ಬರೆದಿದ್ದೆ. ಅವಳು ಬಂದು ನಾಲ್ಕು ತಿಂಗಳು. ಅದಕ್ಕೆ ಮುಂಚಿನ ಎಂಟು ತಿಂಗಳು ಆ ತುದಿ ಹಿಡಿದವಳು ಅಮ್ಮ. ಅವಳ ಎಂಟು ಸಾವಿರವನ್ನು ನಾನೇ, ನನ್ನ ಕೈಯಾರೆ, ಬೇರೆಯವಳ ಹೆಸರಿಗೆ ಬರೆದಿದ್ದೇನೆ. ಅಮ್ಮ ಬರಲೇ ಇಲ್ಲ ಎನ್ನುವ ಹಾಗೆ.

ಡಿಸೆಂಬರ್ 11, ಬುಧವಾರ

ಇವತ್ತು ಬರೆಯಲಾರೆ.

ಡಿಸೆಂಬರ್ 12, ಗುರುವಾರ

ಲೆಕ್ಕದಣ್ಣನ ಮನೆಗೆ ಹೋದೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಕಪ್ಪು ಕನ್ನಡಕ. ಅತ್ತಿಗೆ, "ಓದೋದು ಬೇಡ ಅಂದಿದಾರೆ ಡಾಕ್ಟ್ರು. ಇವರು ಹಾಲಿನ ಪೊಟ್ಟಣದ ತೂಕ ಓದ್ತಾ ಕೂತಿದ್ರು" ಎಂದು ಬೈದರು.

ವಿಷಯ ಹೇಳಿದೆ. ನಾನು ತಪ್ಪು ತಿಳಿದಿದ್ದೇನೆ ಎಂದು ಅವರು ಹೇಳಲಿ ಎಂಬ ಆಸೆ ಇತ್ತು.

"ತಪ್ಪು ನನ್ನದು ಕಣಮ್ಮಾ. ಜೋಡಿ ಸಾಲನ್ನ ನಾನು ಯಾವತ್ತೂ ಮನಸ್ಸಲ್ಲೇ ಬಿಡಿಸ್ಕೋತಿದ್ದೆ. ಯಾರು ಯಾವಾಗ ಬಂದ್ರು, ಯಾರು ಯಾವಾಗ ಹೋದ್ರು, ಎಲ್ಲಾ ತಲೇಲಿತ್ತು, ಪುಸ್ತಕದಲ್ಲಿಲ್ಲ. ನಾಲ್ಕನೇ ಸಾಲಲ್ಲಿ ಇಬ್ಬರಲ್ಲ, ಮೂರು ಜನ ಇದಾರೆ."

"ಅಮ್ಮ ಈಗ ಇಲ್ವಲ್ಲಣ್ಣ."

"ಈಗ ಇಲ್ಲ. ಆಗ ಇದ್ಲಲ್ಲ. ದುಡಿದಿದ್ದು ಆಗ ತಾನೇ?"

ದಾರಿಯುದ್ದಕ್ಕೂ ಒಂದೇ ಯೋಚನೆ. ಇಪ್ಪತ್ತನಾಲ್ಕನ್ನು ಇಬ್ಬರಿಗೆ ಹಂಚಿದರೂ ಮೂವರಿಗೆ ಹಂಚಿದರೂ ಒಟ್ಟು ಅದೇ. ಯಜಮಾನರಿಗೆ ಒಂದು ಕಾಸು ಹೆಚ್ಚಾಗುವುದಿಲ್ಲ, ಕಡಿಮೆಯಾಗುವುದಿಲ್ಲ. ಅದಕ್ಕೇ ಈ ತಪ್ಪು ಯಾರಿಗೂ ಕಾಣಲಿಲ್ಲ. ನಾನು ಸುಮ್ಮನಿದ್ದರೆ ಮುಂದೆಯೂ ಕಾಣುವುದಿಲ್ಲ. ಒಂದು ಮಗು ತಾಯಿಯ ಹತ್ತಿರ ಬರುತ್ತದೆ. ಸುಮ್ಮನಿರುವುದರಲ್ಲಿ ನನ್ನಷ್ಟು ಪಳಗಿದವರು ಯಾರಿದ್ದಾರೆ?

ಬಾಯಿ ಬಿಟ್ಟರೆ, ಲೆಕ್ಕ ಕೈಗೆ ಸಿಕ್ಕಿತೆಂದು ತನ್ನ ಮನೆಗೇ ಎಳೆದುಕೊಂಡಳು ಎನ್ನುತ್ತಾರೆ.

ಡಿಸೆಂಬರ್ 13, ಶುಕ್ರವಾರ

ಅಪ್ಪನಿಗೆ ಹೇಳಿದೆ. ಅಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಬೀಗ ರಿಪೇರಿ ಮಾಡುತ್ತಾನೆ. "ಊರಿನ ಬೀಗ ಎಲ್ಲ ತೆಗೀತಾರೆ, ತಮ್ಮ ಬಾಯಿಗೆ ಮಾತ್ರ ಕೀಲಿ ಸಿಕ್ಕಿಲ್ಲ" ಎಂದು ಅಮ್ಮ ರೇಗಿಸುತ್ತಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ಇಬ್ಬರು ಮೂಕರಿದ್ದಂತೆ ಇದ್ದೇವೆ.

ಅಪ್ಪ ಕೇಳಿಸಿಕೊಂಡ. ಕೈಯಲ್ಲಿದ್ದ ಬೀಗಕ್ಕೆ ಎಣ್ಣೆ ಬಿಟ್ಟ. ತೆಗೆದು ಹಾಕಿ, ತೆಗೆದು ಹಾಕಿ ನೋಡಿದ.

"ಆ ಹೆಂಗಸಿಗೆ ದುಡ್ಡು ಬೇಕು ಅಂದ್ರೆ ನಾಳೆ ಕೊಡೋಣ, ಸಾಲ ಅಂತನೋ ಸುಮ್ನೆನೋ. ಅದು ಬೇರೆ ಮಾತು. ಆದ್ರೆ ಆ ಎಂಟು ತಿಂಗಳು ಅಲ್ಲಿ ನಿಂತಿದ್ದು ನಿಮ್ಮಮ್ಮ. ಕಾಲು ಊದಿಕೊಂಡು ಬರ್ತಿದ್ಲು, ನಾನು ಬಿಸಿನೀರು ಕಾಯಿಸಿಡ್ತಿದ್ದೆ. ಬೇರೆ ಯಾರೋ ನಿಂತಿದ್ರು ಅಂತ ಮಾತ್ರ ಬರೀಬೇಡ ಮಗಾ."

ಮೂರು ತಿಂಗಳಲ್ಲಿ ಅಪ್ಪ ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು.

ಡಿಸೆಂಬರ್ 14, ಶನಿವಾರ

ಮೊದಲು ಅವಳಿಗೆ ಹೇಳಿದೆ, ಆಮೇಲೆ ಯಜಮಾನರಿಗೆ. ಯಜಮಾನರಿಗೆ ಹೇಳಿ ಅವಳು ಪಟ್ಟಿಯಲ್ಲಿ ನೋಡುವ ಹಾಗೆ ಮಾಡಬಹುದಿತ್ತು. ಅದು ಸುಲಭವಿತ್ತು.

ಶೀಟುಗಳ ಬುಟ್ಟಿಯ ಹಿಂದೆ ನಿಂತು ಹೇಳಿದೆ. ಅವಳು ಮೊದಲು ತಮಾಷೆ ಎಂದುಕೊಂಡಳು. ಆಮೇಲೆ ಅವಳ ಮುಖ ಇಳಿಯಿತು.

"ಹನ್ನೆರಡಲ್ಲ, ನಾಲ್ಕಾ?"

"ನಾಲ್ಕು."

"ಮಿಕ್ಕ ಎಂಟು ಯಾರಿಗೆ?"

"ಅಮ್ಮನಿಗೆ."

"ಅಂದ್ರೆ ನಿಂಗೆ."

ಬುಟ್ಟಿಯಿಂದ ಇಣುಕುತ್ತಿದ್ದ ಶೀಟನ್ನು ಒಳಗೆ ತುರುಕಿದೆ.

"ಮೂರು ತಿಂಗಳಿಂದ ಮೂಕಿ ಥರ ಇದ್ಯಲ್ಲ, ಹಾಗೇ ಇದ್ದಿದ್ರೆ ಆಗ್ತಿತ್ತಲ್ಲೇ. ಮೊದಲನೇ ಸಲ ಬಾಯಿ ಬಿಟ್ಟಿದ್ದು ಸುಳ್ಳು ಹೇಳೋಕಾ? ಆ ಮಗು ಬೆರಳೆಣಿಸ್ತಾ ಕೂತಿದೆ ಅಲ್ಲಿ."

"ಸುಳ್ಳಲ್ಲ ಅಕ್ಕಾ. ತಪ್ಪಾಯ್ತು. ನಾನೇ ಮಾಡಿದ್ದು."

"ನಿನ್ನ ತಪ್ಪನ್ನ ಟೈಲರಜ್ಜಿ ಮುಂಗಡ ಅಂತ ಇಟ್ಕೋತಾಳಾ?"

ಯಜಮಾನರು ಇಸ್ತ್ರಿ ಮಾವನ ಐದೂವರೆ ಸಾವಿರಕ್ಕೆ ಗೊಣಗಿದರು. ನಾಲ್ಕನೇ ಸಾಲಿನ ವಿಷಯ ಕೇಳಿ ಮಾತ್ರ ಪೆನ್ನು ಕೆಳಗಿಟ್ಟರು. "ನಾನೂ ಮರೆತಿದ್ದೆ" ಎಂದರು. ಒಟ್ಟು ಎರಡು ಲಕ್ಷದ ತೊಂಬತ್ತಮೂರು ಸಾವಿರ.

ಡಿಸೆಂಬರ್ 16, ಸೋಮವಾರ

ಉದ್ದಕ್ಕ ಮಾತಾಡುತ್ತಿಲ್ಲ. ನಡೆದು ಬರುತ್ತಾಳೆ, ಕೈಗೆ ಕೈ ತಾಗುವ ಮುಂಚೆಯೇ ಬಿಟ್ಟುಬಿಡುತ್ತಾಳೆ. ನೆಲಕ್ಕೆ ಬಿದ್ದ ಶೀಟು ಮತ್ತೆ ಒಗೆಯಲು ಹೋಗಬೇಕು. ಇವತ್ತು ಹದಿನಾಲ್ಕು ಬಿದ್ದವು. ಒಗೆಯುವ ಕೋಣೆಯ ಮೇಸ್ತ್ರಿ ಬಂದು, "ಏನ್ರಮ್ಮಾ, ನೆಲ ಒರೆಸೋಕೆ ಬಟ್ಟೆ ಸಾಲ್ದಾಗಿದ್ರೆ ಕೇಳಿ, ಕೊಡ್ತೀವಿ" ಎಂದ. ಊಟದ ಕೋಣೆಯಲ್ಲಿ ಯಾರೋ, "ಇಲಿಗೆ ಬೆಲ್ಲದ ಡಬ್ಬಿ ಸಿಕ್ಕಿದೆ" ಎಂದರು. ನನಗೆ ಕೇಳಲೆಂದೇ ಹೇಳಿದ್ದು.

ಹಿಂದಾಗಿದ್ದರೆ ಅತ್ತುಬಿಡುತ್ತಿದ್ದೆ. ಇವತ್ತು ಬೇರೆ ಏನೋ ಲೆಕ್ಕ ಓಡುತ್ತಿತ್ತು.

ಅಮ್ಮ ಇಲ್ಲಿ ನಿಂತಿದ್ದ ಎಂಟು ತಿಂಗಳು ಉದ್ದಕ್ಕ ಎಲ್ಲಿ ನಿಂತಿದ್ದಳು? ಬಿಸ್ಕತ್ತಿನ ಮುಂದೆ. ಕಾಗದ ನಮ್ಮ ಗೋಡೆಯ ಮೇಲಿದ್ದರೂ ಕಾನೂನು ನಮ್ಮ ಕಾರ್ಖಾನೆಯದೊಂದೇ ಅಲ್ಲ. ಅಲ್ಲಿನ ಪುಸ್ತಕದಲ್ಲೂ ಅವಳು ದುಡಿದ ಎಂಟು ತಿಂಗಳು ಯಾವುದೋ ಸಾಲಿನಲ್ಲಿ ಬಿದ್ದಿರಬೇಕು, ಯಾರೂ ಕೇಳದೆ.

ಕೊನೆಯ ಶೀಟಿನ ಹೊತ್ತಿಗೆ ಕೇಳಿದೆ: "ಬಿಸ್ಕತ್ತಿನವರು ತಿಂಗಳಿಗೆ ಎಷ್ಟು ಕೊಡ್ತಿದ್ರು?"

"ನಿಂಗ್ಯಾಕೆ?"

"ಹೇಳಿ ಅಕ್ಕಾ."

"ಏಳೂವರೆ."

ಎಂಟರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದೆ. ಶೀಟು ಬಿಡದೆ, ಬಾಯಲ್ಲೇ. "ಐದು ಸಾವಿರ ಬರ್ಬೇಕು ನಿಮಗೆ ಅಲ್ಲಿಂದ."

ಉದ್ದಕ್ಕ ಶೀಟು ಬಿಡಲಿಲ್ಲ.

ಡಿಸೆಂಬರ್ 18, ಬುಧವಾರ

ಅರ್ಧ ದಿನ ರಜೆ ಕೇಳಿಕೊಂಡು ಇಬ್ಬರೂ ಹೋದೆವು. ಗೋಡೆಯ ಕಾಗದವನ್ನು ನನ್ನ ಕೈಯಲ್ಲೇ ನಕಲು ಮಾಡಿಕೊಂಡಿದ್ದೆ, ಸಣ್ಣ ಅಕ್ಷರದ್ದೂ ಸೇರಿಸಿ. ಬಸ್ಸಿನಲ್ಲಿ ಉದ್ದಕ್ಕ, "ನಾನು ಮಾತಾಡ್ತೀನಿ, ನೀನು ಹಿಂದೆ ನಿಂತ್ಕೋ, ಕಾಗದ ಮಾತ್ರ ಹಿಡ್ಕೋ" ಎಂದಳು. ನನಗೂ ಅದೇ ಬೇಕಿತ್ತು.

ಬಿಸ್ಕತ್ತು ಕಾರ್ಖಾನೆಯ ಆಫೀಸಿನಲ್ಲಿ ಒಬ್ಬ ಗುಮಾಸ್ತ ಇದ್ದ. ತಲೆ ಎತ್ತಲಿಲ್ಲ.

"ಬಿಟ್ಟು ಹೋದೋರಿಗೆಲ್ಲ ಕೊಡೋಕೆ ಇದೇನು ಧರ್ಮಛತ್ರಾನಾ? ನೀನಾಗೇ ಬಿಟ್ಟೆ. ಹೇಳದೆ ಕೇಳದೆ."

"ಹೇಳೇ ಬಿಟ್ಟಿದ್ದು ಸಾರ್. ನಿಮ್ಮ ಮುಂದೇನೇ" ಎಂದಳು ಉದ್ದಕ್ಕ. ಆಮೇಲೆ ಅವಳಿಗೆ ಮಾತೇ ಹೊರಡಲಿಲ್ಲ. ಅಷ್ಟೆತ್ತರದ ಹೆಂಗಸು ಆ ಮೇಜಿನ ಮುಂದೆ ಗಿಡ್ಡಗಾದ ಹಾಗೆ ಕಂಡಳು. ಎಂಟು ತಿಂಗಳು ಅವಳು ಹಾಗೆಯೇ ನಿಂತಿದ್ದಿರಬೇಕು ಅಲ್ಲಿ.

ನನ್ನ ನಕಲು ಮುಂದಿಟ್ಟೆ. ಅವನು ನೋಡಿ ನಕ್ಕ. "ಇದು ಯಾವ ಕೋಳಿ ಕೆರೆದಿದ್ದು? ಇಂಥದ್ದನ್ನ ಯಾರು ಬೇಕಾದ್ರೂ ಬರೀಬಹುದು."

ತಲೆ ತಗ್ಗಿಸುವವಳಿದ್ದೆ, ಆದರೆ ಆಗಲೇ ಅವನ ಹಿಂದಿನ ಗೋಡೆಯ ಮೇಲೆ ಕಣ್ಣು ಬಿತ್ತು. ಒಂದು ದೊಡ್ಡ ಕ್ಯಾಲೆಂಡರು, ಅದರ ಕೆಳಗಿಂದ ಒಂದು ಕಾಗದದ ಮೂಲೆ ಇಣುಕುತ್ತಿತ್ತು. ಅದೇ ಹಸಿರು ಅಂಚು, ಅದೇ ಮುದ್ರೆ. ಮೇಜು ಸುತ್ತಿ ಹೋಗಿ ಕ್ಯಾಲೆಂಡರನ್ನು ಎತ್ತಿ ಹಿಡಿದೆ.

"ಕೊನೇ ಸಾಲು ಸಾರ್. ಅಚ್ಚಿನ ಅಕ್ಷರ."

"ಏಯ್, ಯಾರೇ ನೀನು? ಲಾಯರಾ?"

"ಅಲ್ಲ ಸಾರ್. ನಾನು ಇವರ ಜೋಡಿ."

ಒಳಗಿನ ಕೋಣೆಯಿಂದ ಮ್ಯಾನೇಜರು ಹೊರಗೆ ಬಂದರು. ಏನು ಗಲಾಟೆ ಎಂದರು. ನಾನು ಕ್ಯಾಲೆಂಡರು ಹಿಡಿದುಕೊಂಡೇ ಹೇಳಿದೆ: ಏಳೂವರೆ ಸಾವಿರ, ಎಂಟು ತಿಂಗಳು, ಅರವತ್ತು ಸಾವಿರ, ಹನ್ನೆರಡರಲ್ಲಿ ಒಂದು ಪಾಲು. ಅವರು ಕಾಗದ ಓದಿ ಗುಮಾಸ್ತನನ್ನು ನೋಡಿದರು. "ಈ ವರ್ಷ ಬಿಟ್ಟೋರು ಒಟ್ಟು ಎಷ್ಟು ಜನ?" ಎಂದರು. ಅವನು "ಹನ್ನೊಂದು" ಎಂದ, ಬಹಳ ಮೆಲ್ಲಗೆ. ನನ್ನ ದನಿಗಿಂತ ಮೆಲ್ಲಗೆ.

"ಶುಕ್ರವಾರ ಬಾಮ್ಮಾ" ಎಂದರು ಉದ್ದಕ್ಕನಿಗೆ.

ಬಸ್ ಸ್ಟಾಪಿನಲ್ಲಿ ಉದ್ದಕ್ಕ, "ಕ್ಯಾಲೆಂಡರ್ ಎತ್ತೋಕೆ ತುದಿಗಾಲಲ್ಲಿ ನಿಂತಿದ್ದೆ ನೀನು. ನನ್ನ ಕರೆದಿದ್ರೆ ನಿಂತಲ್ಲಿಂದಾನೇ ಎತ್ತುತಿದ್ದೆ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಕೋಪ ಪೂರ್ತಿ ಹೋಗಿಲ್ಲ ಕಣೇ" ಎಂದಳು.

"ಹೋಗದೆ ಇರ್ಲಿ ಬಿಡಿ" ಎಂದೆ.

ಡಿಸೆಂಬರ್ 20, ಶುಕ್ರವಾರ

ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದ. ಯಜಮಾನರು ಪಟ್ಟಿ ಓದುತ್ತಾ ಹೋದರು. ನಾಲ್ಕನೇ ಜೋಡಿ ಎಂದ ಮೇಲೆ ಮೂರು ಹೆಸರು ಓದಿದರು. ಮಧ್ಯದ ಹೆಸರು ಅಮ್ಮನದು. ಬೆಲ್ಲದ ಡಬ್ಬಿ ಎಂದವರೂ ಸರಿದು ಅಪ್ಪನಿಗೆ ದಾರಿ ಬಿಟ್ಟರು. ಅಪ್ಪ ಸಹಿ ಮಾಡಿ ಲಕೋಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ತೆರೆಯಲಿಲ್ಲ. ಅದರ ಮೇಲೆ ಬರೆದ ಹೆಸರನ್ನು ಮಾತ್ರ ಓದಿದ. ಅದು ನನ್ನ ಅಕ್ಷರ. ನಾಲ್ಕು ಲಕೋಟೆ ಹಾಳು ಮಾಡಿ ಐದನೆಯದರಲ್ಲಿ ನೆಟ್ಟಗೆ ಬಂದದ್ದು.

ಸಂಜೆ ಬಿಸ್ಕತ್ತಿನವರು ಐದು ಕೊಟ್ಟರು. ನಾಲ್ಕು, ಐದು, ಒಂಬತ್ತು. ಮುಂಗಡಕ್ಕೆ ಇನ್ನೂ ಒಂದು ಸಾವಿರ ಸಾಲದು, ಹಾಸಿಗೆಯ ಮಾತೇ ಇಲ್ಲ. ಆ ಸಾವಿರವನ್ನು ಅಪ್ಪ ಕೊಡಲು ಹೋದ. ಉದ್ದಕ್ಕ ಕೈ ಹಿಂದೆ ಕಟ್ಟಿಕೊಂಡಳು.

"ಬೇಡಿ. ಅದು ಅಮ್ಮನ ಕಾಲು ಊದಿದ ದುಡ್ಡು ಅಂದ್ಲು ಇವಳು. ಟೈಲರಜ್ಜಿ ಹತ್ರ ಮಾತಾಡಿದೀನಿ, ಜನವರಿ ಸಂಬಳದಲ್ಲಿ ತಗೋತಾಳೆ. ಬೈದ್ಲು, ಆದ್ರೆ ತಗೋತಾಳೆ."

ಅಪ್ಪ ಜೇಬಿಗೆ ಕೈ ಹಾಕಿ ಒಂದು ಬೀಗ ತೆಗೆದ. ಹಳೆಯದು, ಉಜ್ಜಿ ಎಣ್ಣೆ ಬಿಟ್ಟು ಹೊಸದರ ಹಾಗೆ ಮಾಡಿದ್ದು. ಜೊತೆಗೆ ಎರಡು ಕೀಲಿ, ಒಂದು ದೊಡ್ಡದು, ಒಂದು ಮಗುವಿನ ಕೈಗೆ ಆಗುವಂತೆ ಹಿಡಿಕೆ ಉಜ್ಜಿ ಸಣ್ಣ ಮಾಡಿದ್ದು. "ಕೋಣೆಗೆ" ಎಂದ. ಅಷ್ಟೇ.

ಅದನ್ನು ಉದ್ದಕ್ಕ ತೆಗೆದುಕೊಂಡಳು.

ಡಿಸೆಂಬರ್ 31, ಮಂಗಳವಾರ

ಹತ್ತು ದಿನ ಬರೆಯಲು ಪುರುಸೊತ್ತಾಗಲಿಲ್ಲ. ಹೋಟೆಲುಗಳಿಗೆಲ್ಲ ಜನ ತುಂಬಿ ಶೀಟೋ ಶೀಟು.

ಉದ್ದಕ್ಕನ ಮಗಳು ಭಾನುವಾರ ಬಂದಳು. ಮುಂದಿನ ಎರಡು ಹಲ್ಲಿಲ್ಲ. ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಿದ್ದಾಳೆ, ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಾಳೆ. ನನ್ನನ್ನು ನೋಡಿ, "ಇವರು ದೊಡ್ಡೋರಾ, ಚಿಕ್ಕೋರಾ?" ಎಂದು ತಾಯಿಯನ್ನು ಕೇಳಿದಳು.

ಅಡುಗೆಮನೆಗೆ ಗಾಜು ಬಂತು. ಅಪ್ಪ ರಟ್ಟನ್ನು ಎಸೆಯದೆ ಮಡಿಸಿ ಅಟ್ಟದ ಮೇಲಿಟ್ಟ. ಈಗ ಬೆಳಿಗ್ಗೆ ಒಲೆಯ ಪಕ್ಕ, ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ, ಒಂದು ಚೌಕ ಬಿಸಿಲು ಬೀಳುತ್ತದೆ. ಮೊದಲ ದಿನ ಇಬ್ಬರೂ ಅದನ್ನು ತುಳಿಯದೆ ಸುತ್ತಿಕೊಂಡು ಓಡಾಡಿದೆವು. ಇವತ್ತು ಅಪ್ಪ ಅಲ್ಲೇ ನಿಂತು ಕಾಫಿ ಕುಡಿದ.

ಲೆಕ್ಕದಣ್ಣ ಕೆಲಸಕ್ಕೆ ಬಂದಿದ್ದಾರೆ, ಒಂದು ಕಣ್ಣು ಹೊಸದು. ಹೊಸ ವರ್ಷದ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುವ ಕೆಲಸ ನನಗೇ ಕೊಟ್ಟರು. ಬೆಳಿಗ್ಗೆ ಯಂತ್ರ ಶುರುವಾಗುವ ಮುಂಚೆ ಕೂತೆ. ಮಡಿಸುವ ಕೋಣೆಯ ಹಾಳೆಯನ್ನು ನೋಡಿ ಅವರು, "ಇದೇನಮ್ಮಾ, ಐದು ಸಾಲಿನ ಕಡೆ ಹತ್ತು ಎಳೆದಿದ್ದೀಯ? ಪುಸ್ತಕ ಬೇಗ ಮುಗಿಯುತ್ತೆ" ಎಂದರು.

"ಮುಗೀಲಿ ಅಣ್ಣ, ಇನ್ನೊಂದು ತರೋಣ" ಎಂದೆ. ಆಚೆ ಕೋಣೆಯಿಂದ ಮೇಸ್ತ್ರಿ, "ಅದ್ಯಾರಪ್ಪಾ ಅಷ್ಟು ಜೋರಾಗಿ ಮಾತಾಡೋದು?" ಎಂದು ಇಣುಕಿದ. ಯಾರನ್ನು ಕೇಳಿದನೋ ಗೊತ್ತಾಗಲಿಲ್ಲ.

ಉದ್ದಕ್ಕನ ಪೂರ್ತಿ ಹೆಸರು ನನಗೆ ಸರಿಯಾಗಿ ಬರೆಯಲು ಬರುತ್ತಿರಲಿಲ್ಲ. ಅವಳನ್ನೇ ಕೂಗಿ ಕರೆದು, ಒಂದೊಂದೇ ಅಕ್ಷರ ಕೇಳಿ, ಒಂದು ಸಾಲಿನಲ್ಲಿ ಅವಳ ಹೆಸರು ಬರೆದೆ. ಅದರ ಕೆಳಗಿನ ಸಾಲಿನಲ್ಲಿ ನನ್ನದು.